ಮೈಲುತುತ್ತ ಹೊಡೆಯುವವರು ಸಾವಯವದ ನಿಯಮ ಕೇಳಬಹುದೇ?

ಮಾನ್ಯರೇ,

ಅಮೆರಿಕದ ಸಾವಯವ ನಿಯಮಗಳು ಸಡಿಲವಾದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ, ಶಿರಸಿ ಸೀಮೆಯ ಅಡಿಕೆ ಮತ್ತು ಕಾಳುಮೆಣಸಿನ ಬೆಳೆಗಾರರಾದ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಹೊಡೆಯುವ ನಮಗೆ ನಿಯಮ ಸಡಿಲವಾಯಿತೆಂದು ದೂರುವ ಹಕ್ಕಿದೆಯೇ? ಸರ್ಕಾರಕ್ಕೆ ಪತ್ರ ಬರೆದು ಏನು ಪ್ರಯೋಜನ?

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಅಮೆರಿಕದ ಕೃಷಿ ಇಲಾಖೆ 1997ರ ಡಿಸೆಂಬರಿನಲ್ಲಿ ಹೊರಡಿಸಿದ ಕರಡು ನಿಯಮವು ಕುಲಾಂತರಿ ತಳಿ, ವಿಕಿರಣ ಸಂಸ್ಕರಣೆ ಮತ್ತು ನಗರದ ಚರಂಡಿ ಕೆಸರಿನ ಗೊಬ್ಬರ, ಈ ಮೂರಕ್ಕೂ ಬಾಗಿಲು ಮುಚ್ಚಿರಲಿಲ್ಲ. ಬೆಳೆಗಾರರೂ ಗ್ರಾಹಕರೂ ಒಟ್ಟಾಗಿ ಎದ್ದರು. ಇಲಾಖೆಗೆ 2,75,603 ಅಭಿಪ್ರಾಯಗಳು ಬಂದವು. 2000ದ ಅಂತಿಮ ನಿಯಮದಲ್ಲಿ ಮೂರನ್ನೂ ನಿಷೇಧಿಸಲಾಯಿತು. ಆದರೆ ಅಲ್ಲಿಗೇ ಮುಗಿಯಲಿಲ್ಲ. ಸಂಸ್ಕರಿಸಿದ ಸಾವಯವ ಆಹಾರದಲ್ಲಿ ಕೃತಕ ವಸ್ತುಗಳ ಬಳಕೆಯನ್ನು ಪ್ರಶ್ನಿಸಿ ಮೇನ್ ರಾಜ್ಯದ ಬ್ಲೂಬೆರಿ ಬೆಳೆಗಾರ ಆರ್ಥರ್ ಹಾರ್ವೆ ಹೂಡಿದ ದಾವೆಯಲ್ಲಿ 2005ರ ಜನವರಿಯಲ್ಲಿ ತೀರ್ಪು ಅವರ ಪರವಾಗಿ ಬಂದರೂ, ಅದೇ ವರ್ಷ ಸಂಸತ್ತು ಕಾಯ್ದೆಯನ್ನೇ ತಿದ್ದಿ ಆ ಬಳಕೆಗೆ ಅವಕಾಶ ಮಾಡಿಕೊಟ್ಟಿತು. ಪತ್ರಗಳಿಂದ ಗೆದ್ದದ್ದನ್ನು ಕಾಯುತ್ತಲೇ ಇರಬೇಕಾಗುತ್ತದೆ.

ಈಗ ಮೈಲುತುತ್ತದ ಮಾತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಕೊನೆಗೌಡರು ಮರವೇರಿ ಗೊನೆಗೆ ಹೊಡೆಯುವುದನ್ನು ಯಾರೂ ಮುಚ್ಚಿಟ್ಟಿಲ್ಲ. ನಮ್ಮ ರಾಷ್ಟ್ರೀಯ ಸಾವಯವ ಮಾನದಂಡಗಳು ತಾಮ್ರದ ಲವಣಗಳನ್ನು ನಿರ್ಬಂಧಿತ ಬಳಕೆಯ ಪಟ್ಟಿಯಲ್ಲಿ ಬಹಿರಂಗವಾಗಿಯೇ ಇಟ್ಟಿವೆ. ಸಾರ್ವಜನಿಕವಾಗಿ ಚರ್ಚಿಸಿ, ಮಿತಿ ಹಾಕಿ ಒಪ್ಪಿದ ವಿನಾಯಿತಿ ಬೇರೆ, ಉದ್ಯಮದ ಅನುಕೂಲಕ್ಕೆಂದು ಸದ್ದಿಲ್ಲದೆ ಸೇರಿಸಿದ ಸಡಿಲಿಕೆ ಬೇರೆ. ಆದ್ದರಿಂದ ಹಕ್ಕು ನಿಮಗೆ ಖಂಡಿತ ಇದೆ, ಅದೂ ಎಲ್ಲರಿಗಿಂತ ಹೆಚ್ಚಾಗಿ. ಬಹುವಾರ್ಷಿಕ ಬೆಳೆಗೆ ಸಾವಯವ ಎನಿಸಿಕೊಳ್ಳಲು ಮೂರು ವರ್ಷಗಳ ಪರಿವರ್ತನಾ ಅವಧಿ ಇದೆ. ಆ ಅವಧಿಯಲ್ಲಿ ಬೆಟ್ಟದ ಸೊಪ್ಪು, ದರಕು (ಒಣಗಿದ ಎಲೆ), ಕೊಟ್ಟಿಗೆ ಗೊಬ್ಬರದಲ್ಲೇ ತೋಟ ನಡೆಸಿ ಲೆಕ್ಕ ಬರೆದಿಟ್ಟವರು ನೀವು. ಒಣಗಿದ ಮೆಣಸನ್ನು ಅಂಗೈಯಲ್ಲಿ ಹಿಡಿದು ನೋಡಿದರೆ ಆ ದುಡಿಮೆ ಯಾವ ಖರೀದಿದಾರರಿಗೂ ಕಾಣದು. ಅದಕ್ಕೆ ಸಾಕ್ಷಿ ಸಾವಯವ ಎಂಬ ಪ್ರಮಾಣದ ಮುದ್ರೆಯೊಂದೇ, ಆ ಮುದ್ರೆಯನ್ನು ಸುಲಭದಲ್ಲಿ ಪಡೆಯುವಂತಾದರೆ ಮೊದಲು ಸೋಲುವವರು ನೀವೇ.

ಸಣ್ಣ ಬೆಳೆಗಾರರು ಗ್ರಾಹಕರಿಗೆ ನೇರವಾಗಿ ಮಾರುವಾಗ ಪ್ರಮಾಣಪತ್ರ ಬೇಕಿಲ್ಲವೆಂದು ಸಿಗುವ ವಿನಾಯಿತಿಯನ್ನೂ ಕೆಲವರು ಸಡಿಲಿಕೆ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ, ಸಂತೆಯಲ್ಲಿ ಕೊಳ್ಳುವವರು ಬೆಳೆದವರನ್ನೇ ಕೇಳಬಹುದು.

ನಮ್ಮಲ್ಲೂ ಆಹಾರ ಸುರಕ್ಷತಾ ಪ್ರಾಧಿಕಾರದ ಸಾವಯವ ಆಹಾರ ನಿಯಮಗಳು 2017ರಲ್ಲಿ ಬಂದಿವೆ. ಅಂಥವಕ್ಕೆ ತಿದ್ದುಪಡಿ ತರುವ ಮೊದಲು ಕರಡು ಪ್ರಕಟಿಸಿ ಆಕ್ಷೇಪಣೆ ಕೇಳುತ್ತಾರೆ. ಮುಂದಿನ ಕರಡು ಬಂದಾಗ, ಯಾವ ಕಲಂ, ಅದರಿಂದ ನಿಮ್ಮ ತೋಟದಲ್ಲಿ ಏನು ಬದಲಾಗುತ್ತದೆ ಎಂಬುದನ್ನು ಹೆಸರಿಸಿ ಬರೆಯಿರಿ. ನಿಮ್ಮ ಮೆಣಸು ಕೊಳ್ಳುವ ಕಾರವಾರ, ಕುಮಟೆಯ ಮನೆಗಳವರಿಂದಲೂ ಬರೆಸಿರಿ.

– ಸಂಪಾದಕ