ಸಂಪಾದಕರ ಉತ್ತರ: ಮಲ್ಲಿಗೆ ಹಾಡಿನ ‘ಹುಡುಗಿ’ ಯಾರು?

ಶಾರ್ಜಾದ ಓದುಗರಿಗೆ ನಮಸ್ಕಾರ.

ನಿಮ್ಮ ಪತ್ರ ಓದಿದೆ, ಎರಡು ಸಲ. ಬೈರೂತ್‌ನ ರಾಕ್ ತಂಡ ‘ಮಶ್ರೂ ಲೈಲಾ’ದ ಮೊದಲ ಆಲ್ಬಮ್ ಬಗ್ಗೆ ಹೋದ ಸಂಚಿಕೆಯಲ್ಲಿ ಬಂದ ಲೇಖನದ ಮೇಲೆ ನಿಮ್ಮದು ಮೂರು ತಕರಾರು. ಪಿಟೀಲು ಇಷ್ಟು ಮೆರೆಯುವ ಸಂಗೀತವನ್ನು ರಾಕ್ ಅನ್ನೋದು ಹೇಗೆ? ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಇಂಥ ತಂಡದ ಸುದ್ದಿ ಯಾಕೆ? ಮೂರನೆಯದು, ‘ಶಿಮ್ ಎಲ್ ಯಾಸ್ಮೀನ್’ ಹಾಡಿನ ಸಾರಾಂಶದಲ್ಲಿ ನಾವು ‘ಬಿಟ್ಟುಹೋದ ಹುಡುಗಿ’ ಅಂತ ಅಚ್ಚು ಹಾಕಿದ್ದೆವು. ಅದನ್ನು ನಿಮ್ಮ ಆಫೀಸಿನ ಲೆಬನಾನಿ ಗೆಳೆಯರಿಗೆ ಹೇಳಿದರೆ ಅವರು ಜೋರಾಗಿ ನಕ್ಕು, ‘ಹುಡುಗಿ ಎಲ್ಲಿದ್ದಾಳೆ?’ ಅಂದರಂತೆ.

ಕೊನೆಯದನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ತಪ್ಪು ಲೇಖಕರದಲ್ಲ, ನನ್ನದು. ಅವರು ಕಳಿಸಿದ ಪ್ರತಿಯಲ್ಲಿ ‘ಹುಡುಗ’ ಅಂತಲೇ ಇತ್ತು. ಬೆರಳಚ್ಚಿನ ತಪ್ಪು ಅಂದುಕೊಂಡು ತಿದ್ದಿದೆ ಅಂತ ಹೇಳಿ ನಾನು ಪಾರಾಗಬಹುದು. ಆದರೆ ಹಾಗೇನೂ ಅಂದುಕೊಂಡಿರಲಿಲ್ಲ. ನಿಮ್ಮ ಎರಡನೇ ಪ್ರಶ್ನೆಯಂಥ ಪತ್ರಗಳು ಬರುತ್ತವೆ ಅಂತ ಗೊತ್ತಿತ್ತು. ಸಂಜೆ ಪುಟ ಪ್ರೆಸ್ಸಿಗೆ ಹೋಗಬೇಕಿತ್ತು. ಕರಡಿನ ಮೇಲೆ ಪೆನ್ಸಿಲಿನಲ್ಲಿ ಒಂದು ಗುಡಿಸು ಎಳೆದೆ, ಅಷ್ಟೇ. ‘ಹುಡುಗ’ ‘ಹುಡುಗಿ’ಯಾದ. ಒಂದು ಸೆಕೆಂಡಿನ ಕೆಲಸ.

ಹಾಡಿನಲ್ಲಿ ಏನಿದೆ ಅಂತ ನೋಡಿ. ದೂರವಾದ ಪ್ರೀತಿಯವನಿಗೆ ಒಬ್ಬ ಗಂಡಸು ಹೇಳುತ್ತಿದ್ದಾನೆ. ಮಲ್ಲಿಗೆ ಮೂಸು, ದಿಬ್ಸ್ ಬೆರೆಸಿದ ತಹೀನಿ ರುಚಿ ನೋಡು, ನನ್ನನ್ನು ಮರೀಬೇಡ. (ದಿಬ್ಸ್ ಅಂದರೆ ಹಣ್ಣು ಕಾಯಿಸಿ ಮಾಡುವ, ಜೋನಿಬೆಲ್ಲದಂಥ ಪಾಕ. ತಹೀನಿ ಎಳ್ಳಿನದು. ಚಿಗಳಿ ತಿಂದವರಿಗೆ ಆ ರುಚಿ ಬಿಡಿಸಿ ಹೇಳಬೇಕಾಗಿಲ್ಲ.) ನಿನ್ನನ್ನು ನಮ್ಮ ಮನೆಯವರಿಗೆ ಪರಿಚಯ ಮಾಡಿಸುವ ಆಸೆ ಇತ್ತು, ನಿನಗೆ ಅಡುಗೆ ಮಾಡಿ ಹಾಕಿ, ಕಸ ಗುಡಿಸಿ, ನಿನ್ನ ಮನೆಯ ಗೃಹಿಣಿಯಾಗಿ ಇರಬೇಕು ಅಂತ ಇತ್ತು ಅನ್ನುತ್ತಾನೆ. ರೊಚ್ಚಿಲ್ಲ, ಘೋಷಣೆ ಇಲ್ಲ. ಅಡುಗೆ, ಕಸ, ಮನೆ, ಮಕ್ಕಳು. ತಂಡದ ಗಾಯಕ ಹಾಮಿದ್ ಸಿನ್ನೋ ಅದನ್ನು ಎಷ್ಟು ಮೆಲ್ಲಗೆ ಹಾಡುತ್ತಾರೆ ಅಂದರೆ ಹಾಡು ಮುಗಿದದ್ದೂ ಗೊತ್ತಾಗುವುದಿಲ್ಲ.

ಇಲ್ಲಿ ಅರಬ್ಬಿ ವ್ಯಾಕರಣದ ಒಂದು ಮಜಾ ಇದೆ. ನಿಮ್ಮ ಗೆಳೆಯರು ನಿಮ್ಮನ್ನು ‘ಕೀಫಕ್’ (ಹೇಗಿದ್ದೀಯ) ಅಂತ ವಿಚಾರಿಸುತ್ತಾರೆ. ಅದನ್ನೇ ಹೆಂಗಸಿಗಾದರೆ ‘ಕೀಫಿಕ್’ ಅನ್ನುತ್ತಾರೆ, ಅಲ್ವಾ? ಅಲ್ಲಿ ‘ನೀನು’ ಅನ್ನುವುದಕ್ಕೇ ಗಂಡು ಹೆಣ್ಣಿನ ಭೇದ ಇದೆ. ನಮ್ಮ ‘ನೀನು’ಗೆ ಅದಿಲ್ಲ. ‘ನೀನು ಬಂದೆ’ ಅಂದರೆ ಬಂದದ್ದು ಯಾರು ಅಂತ ಹೇಳಲಾಗದು. ಅದೇ ಹಾಡನ್ನು ‘ನೀನು’ ಅಂತಲೇ ಅನುವಾದ ಮಾಡಿದ್ದರೆ ನನಗೆ ಪೆನ್ಸಿಲ್ ಹಿಡಿಯುವ ಸಂದರ್ಭವೇ ಬರುತ್ತಿರಲಿಲ್ಲ. ಸಾರಾಂಶ ಬರೆಯಲು ಹೋಗಿ ಸಿಕ್ಕಿಬಿದ್ದೆವು.

ಹಳೆಯ ಅರಬ್ಬಿ ಪ್ರೇಮಗೀತೆಗಳಲ್ಲಿ ಗಂಡಸು ತನ್ನ ಪ್ರಿಯತಮೆಯನ್ನೂ ‘ಹಬೀಬಿ’ ಅಂತ ಪುಲ್ಲಿಂಗದಲ್ಲೇ ಕರೆಯುವುದು ವಾಡಿಕೆ. ಕೇಳುವವರು ಹೆಣ್ಣು ಅಂತಲೇ ತಿಳಿದುಕೊಳ್ಳುತ್ತಾರೆ. ಹಾಗಾಗಿ ಬರೀ ವ್ಯಾಕರಣ ನೋಡಿದರೆ ಈ ಹಾಡೂ ಆ ಸಾಲಿಗೇ ಸೇರಿ ಹೋಗುತ್ತಿತ್ತೇನೋ. ಆದರೆ ಇದರಲ್ಲಿ ಗೃಹಿಣಿಯಾಗುವ ಆಸೆ ಹಾಡುವವನದು. ಹಳೆಯ ವಾಡಿಕೆಯ ಮರೆಯೇ ಉಳಿಯುವುದಿಲ್ಲ. ನಿಮ್ಮ ಗೆಳೆಯರು ನಕ್ಕದ್ದು ಅದಕ್ಕೇ.

ಈಗ ರಾಕ್ ವಿಷಯ. ಇದರಲ್ಲಿ ನಿಮ್ಮೊಡನೆ ಸುಮ್ನೆ ಜಗಳ ಆಡುವುದಿಲ್ಲ. ಡ್ರಮ್ಸ್, ಬೇಸ್, ಗಿಟಾರ್ ಎಲ್ಲ ಇದೆ, ಆದರೆ ಕಿವಿ ಹಿಡಿದು ಎಳೆಯುವುದು ಹೈಗ್ ಪಾಪಾಜಿಯಾನ್ ಅವರ ಪಿಟೀಲೇ. ‘ರಕ್ಸಿತ್ ಲೈಲಾ’ ಹಾಡಿನಲ್ಲಂತೂ ಮದುವೆ ದಿಬ್ಬಣದ ಹಿಂದೆ ಓಡಿದ ಹಾಗೆ ಆಗುತ್ತದೆ. ಇವರೆಲ್ಲ 2008ರಲ್ಲಿ ಬೈರೂತ್‌ನ ಅಮೆರಿಕನ್ ವಿಶ್ವವಿದ್ಯಾಲಯದಲ್ಲಿ ಸೇರಿದ ಹುಡುಗ ಹುಡುಗಿಯರು. ವಿನ್ಯಾಸ, ವಾಸ್ತುಶಿಲ್ಪ ಓದುತ್ತಿದ್ದವರು ರಾತ್ರಿ ಹೊತ್ತು ಕೂಡಿ ನುಡಿಸಲು ಶುರು ಮಾಡಿದರು. ‘ಮಶ್ರೂ’ ಅಂದರೆ ಪ್ರಾಜೆಕ್ಟ್. ‘ಲೈಲಾ’ ಹುಡುಗಿಯ ಹೆಸರೂ ಹೌದು, ರಾತ್ರಿಯೂ ಹೌದು. 2009ರಲ್ಲಿ ಈ ಆಲ್ಬಮ್ ಬಿಡುಗಡೆ ಮಾಡಿದ್ದು ಬೈರೂತ್ ಪಕ್ಕದ ಬುರ್ಜ್ ಹಮ್ಮೂದ್‌ನ ಒಂದು ಉಕ್ಕಿನ ಯಾರ್ಡಿನಲ್ಲಿ, ಥಿಯೇಟರಿನಲ್ಲಲ್ಲ. ಒಂಬತ್ತು ಹಾಡು. ಒಂದರ ಹೆಸರು ‘ಬಾಂಬು’, ಇನ್ನೊಂದು ‘ಚೆಕ್‌ಪೋಸ್ಟ್’. 1975ರಿಂದ 1990ರವರೆಗೆ ಅಂತರ್ಯುದ್ಧ ನಡೆದ ಊರಿನಲ್ಲಿ ಅವು ಬೀದಿಯ ಮಾತುಗಳು. ಹಾಡಿರುವುದೂ ಬೀದಿಯ ಅರಬ್ಬಿಯಲ್ಲೇ, ಗ್ರಂಥದ ಅರಬ್ಬಿಯಲ್ಲಲ್ಲ. ನೀವು ಕೊಲ್ಲಿಯಲ್ಲಿ ಕಲಿತ ಅರಬ್ಬಿಗೆ ಅರ್ಧ ತಿಳಿಯಲಿಲ್ಲ ಅಂದಿದ್ದೀರಿ, ಸಹಜ. ಕಾಫಿಗೆ ನಿಮ್ಮಲ್ಲಿ ‘ಗಹ್ವಾ’, ಅಲ್ಲಿ ‘ಅಹ್ವೆ’.

ಮನೆಮಂದಿ ಓದುವ ಪತ್ರಿಕೆ ಅಂದಿರಿ. ಈ ಆಲ್ಬಮ್ಮಿನಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ‘ಫಸಾತೀನ್’. ಹಾಗಂದರೆ ಉಡುಪುಗಳು. ದುಡ್ಡಿಲ್ಲದಿದ್ದರೂ ಮನೆ ಇಲ್ಲದಿದ್ದರೂ ಮದುವೆಯಾಗುತ್ತೇನೆ ಅಂದಿದ್ದೆಯಲ್ಲ, ನಾನು ನಿಮ್ಮ ಧರ್ಮದವನಲ್ಲದಿದ್ದರೂ ಪ್ರೀತಿಸಿದ್ದೆಯಲ್ಲ ಅಂತ ಹುಡುಗ ನೆನಪು ಮಾಡುತ್ತಾನೆ. ಲೆಬನಾನ್‌ನಲ್ಲಿ ಸರ್ಕಾರ ಮಾನ್ಯ ಮಾಡಿದ ಪಂಥಗಳು 18. ಮದುವೆ ವಿಚ್ಛೇದನ ಎಲ್ಲ ಆಯಾ ಪಂಥದ ಕೈಯಲ್ಲಿ. ನಮ್ಮಲ್ಲಿ 1954ರಿಂದ ಇರುವ ವಿಶೇಷ ವಿವಾಹ ಕಾಯ್ದೆಯಂಥದ್ದು ಅಲ್ಲಿಲ್ಲ. ಬೇರೆ ಬೇರೆ ಧರ್ಮದ ಜೋಡಿಗಳು ವಿಮಾನ ಹತ್ತಿ ಸೈಪ್ರಸ್‌ಗೆ ಹೋಗಿ ಮದುವೆಯಾಗಿ ಬರುತ್ತಾರೆ. ಆ ಮದುವೆ ಲೆಬನಾನ್ ಸರ್ಕಾರಕ್ಕೆ ಒಪ್ಪಿಗೆ! ಇದು ಮನೆಮಂದಿ ವಿಷಯವಲ್ಲದೆ ಮತ್ತೇನು?

ಈ ತಂಡ ಮುಂದೆ ಪಟ್ಟ ಪಾಡು ಲೇಖನದಲ್ಲಿ ಬಂದಿರಲಿಲ್ಲ. ಸಿನ್ನೋ ತಾನು ಸಲಿಂಗಿ ಅಂತ ಬಹಿರಂಗವಾಗಿ ಹೇಳಿಕೊಂಡವರು. 2017ರ ಸೆಪ್ಟೆಂಬರ್‌ನಲ್ಲಿ ಕೈರೋದ ಸಂಗೀತ ಕಛೇರಿಯಲ್ಲಿ ಕೆಲವರು ಸಲಿಂಗಿಗಳ ಗುರುತಾದ ಕಾಮನಬಿಲ್ಲಿನ ಬಾವುಟ ಹಾರಿಸಿದರು. ಆಮೇಲೆ ಹತ್ತಾರು ಜನರ ಬಂಧನವಾಯಿತು. 2019ರಲ್ಲಿ ಅವರದೇ ದೇಶದ ಬಿಬ್ಲೋಸ್ ಉತ್ಸವದ ಕಛೇರಿ ಚರ್ಚಿನವರ ವಿರೋಧ, ಬೆದರಿಕೆಗಳ ನಡುವೆ ರದ್ದಾಯಿತು. 2022ರಲ್ಲಿ ತಂಡವೇ ನಿಂತುಹೋಯಿತು. ಅಷ್ಟೆಲ್ಲ ಎದುರಿಸಿಯೂ ಅವರು ಒಂದು ಪ್ರತ್ಯಯ ಬದಲಿಸಲಿಲ್ಲ. ನನಗೆ ಯಾರೂ ಬೆದರಿಕೆ ಹಾಕಿರಲಿಲ್ಲ.

ಲೇಖಕರಿಗೆ ಫೋನ್ ಮಾಡಿ ಕ್ಷಮೆ ಕೇಳಿದ್ದೇನೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಗಮನಿಸಿದ್ದೆ ಸಾರ್’ ಅಂದರು. ಈ ಪುಟದ ಕೆಳಗೆ ತಿದ್ದುಪಡಿ ಇದೆ: ‘ಬಿಟ್ಟುಹೋದ ಹುಡುಗಿ’ ಅಂತ ಇದ್ದಲ್ಲಿ ‘ಬಿಟ್ಟುಹೋದ ಹುಡುಗ’ ಅಂತ ಓದಿಕೊಳ್ಳಿ.

ನಿಮ್ಮ ಗೆಳೆಯರಿಗೆ ನನ್ನ ಸಲಾಂ ಹೇಳಿ. ಹಾಗೇ ಒಂದು ಮಾತು ಕೇಳಿ ಬರೆಯಿರಿ: ಅವರ ಮನೆಯಲ್ಲಿ ತಹೀನಿಗೆ ಬೆರೆಸುವುದು ದ್ರಾಕ್ಷಿಯ ದಿಬ್ಸಾ, ಕ್ಯಾರಬ್ ಕಾಯಿಯದ್ದಾ?

ಸಂಪಾದಕ