ಹಳೆಯ ಸೈಕಲ್ಲಿಗೆ ಹೊಸ ಹಬ್: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮ ಅಜ್ಜನವರು ಬಳಸುತ್ತಿದ್ದ, ಇಂಗ್ಲೆಂಡಿನಲ್ಲಿ ತಯಾರಾದ ರಾಡ್ ಬ್ರೇಕಿನ ರ‍್ಯಾಲೆ ಸೈಕಲ್ಲನ್ನು ಮತ್ತೆ ಓಡಿಸಬೇಕೆಂದಿದ್ದೇನೆ. ಎರಡೂ ಹಬ್‌ಗಳ (ಚಕ್ರದ ನಡುಭಾಗದ) ಕೋನ್, ಅಂದರೆ ಗುಂಡುಗಳು ಉರುಳುವ ಒಳಬಿಲ್ಲೆ, ಸವೆದಿರುವುದರಿಂದ ಗಿಯರ್ ಸೈಕಲ್ಲಿನ, ನಟ್ ಬದಲು ಲಿವರ್ ಮಡಚಿ ಬಿಗಿಯುವ ಕ್ವಿಕ್ ರಿಲೀಸ್ ಹಬ್‌ಗಳನ್ನು ತಂದೆ. ಮುಂದಿನ ಆಕ್ಸಲ್ (ಹಬ್ಬಿನ ನಡುವಿನ ಅಚ್ಚು) ಫೋರ್ಕಿನ, ಅಂದರೆ ಮುಂದಿನ ಚಕ್ರ ಹಿಡಿಯುವ ಕವಲಿನ, ಸೀಳಿಗೆ ಇಳಿಯುತ್ತಿಲ್ಲ. ಸೀಳನ್ನು ಅರದಿಂದ ಉಜ್ಜಿಸಬಹುದೇ?
— ಓದುಗರೊಬ್ಬರು, ಧಾರವಾಡ

ಉತ್ತರ: ದಯವಿಟ್ಟು ಫೋರ್ಕಿಗೆ ಅರ ಹಚ್ಚಬೇಡಿ. ಆ ಕಾಲದ ಇಂಗ್ಲಿಷ್ ಸೈಕಲ್ಲುಗಳ ಮುಂದಿನ ಆಕ್ಸಲ್ 5/16 ಅಂಗುಲ, ಅಂದರೆ 8 ಮಿ.ಮೀ.ಗೆ ಕೂದಲೆಳೆಯಷ್ಟು ಕಡಿಮೆ. ಇಂದಿನದು 9 ಮಿ.ಮೀ. ಫೋರ್ಕಿನಿಂದ ಉಜ್ಜಿ ತೆಗೆದ ಲೋಹ ಮರಳಿ ಬರುವುದಿಲ್ಲ, ಆಕ್ಸಲ್ ಕೆಟ್ಟರೆ ಇನ್ನೊಂದು ಸಿಗುತ್ತದೆ. ಆದ್ದರಿಂದ ಲಾಕ್‌ನಟ್‌ನಿಂದ (ಕೋನ್ ಸಡಿಲವಾಗದಂತೆ ಹಿಡಿಯುವ ನಟ್) ಹೊರಗೆ ಉಳಿಯುವ ಆಕ್ಸಲ್ಲಿನ ಭಾಗವನ್ನೇ ಎದುರುಬದುರಾಗಿ ಅರ್ಧರ್ಧ ಮಿ.ಮೀ. ಚಪ್ಪಟೆ ಮಾಡಿಸುವುದು ಮೇಲು.

ಆದರೆ ಈ ಕೆಲಸ ಗಟ್ಟಿ ಆಕ್ಸಲ್ಲಿಗೆ ಮಾತ್ರ. ಕ್ವಿಕ್ ರಿಲೀಸ್ ಆಕ್ಸಲ್ ಟೊಳ್ಳಾಗಿದ್ದು, ಒಳಗೆ 5 ಮಿ.ಮೀ. ಕಡ್ಡಿ ಹಾಯುವುದರಿಂದ ಅದರ ಗೋಡೆ 2 ಮಿ.ಮೀ.ನಷ್ಟೂ ದಪ್ಪವಿರುವುದಿಲ್ಲ, ಉಜ್ಜಿದರೆ ಮುರಿಯುವ ಭಯವಿದೆ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಹಳೆಯ ಫೋರ್ಕಿನ ತುದಿ ತೆಳುವಾಗಿದ್ದರೆ ಆಕ್ಸಲ್ ಅದರಾಚೆಗೂ ಚಾಚಿಕೊಳ್ಳುತ್ತದೆ; ಆಗ ಲಿವರ್ ಬಿಗಿಯಾದಂತೆ ಕೈಗೆ ಅನಿಸಿದರೂ ಅದು ಒತ್ತಿರುವುದು ಆಕ್ಸಲ್ಲಿನ ತುದಿಯನ್ನು, ಫೋರ್ಕನ್ನಲ್ಲ. ಹಾಗಾಗಿ ನಟ್ ಹಾಕುವ ಗಟ್ಟಿ ಆಕ್ಸಲ್ಲನ್ನೇ ಕೊಳ್ಳಿ.

ಅಗಲವನ್ನೂ ಅಳೆಯಬೇಕು. ಇಂದಿನ ಮುಂದಿನ ಹಬ್ 100 ಮಿ.ಮೀ.; ಹಳೆಯ ಫೋರ್ಕುಗಳ ಒಳ ಅಗಲ ಸಾಮಾನ್ಯವಾಗಿ 90ರಿಂದ 96. ಉಕ್ಕಿನ ಫೋರ್ಕನ್ನು ಕಾಯಿಸದೆಯೇ ಎರಡೂ ಬದಿ ಸಮನಾಗಿ ಹಿಗ್ಗಿಸಬಹುದು. ಹಿಗ್ಗಿಸಿದ ಮೇಲೆ ತುದಿಗಳನ್ನು ಮತ್ತೆ ಸಮಾಂತರಕ್ಕೆ ತರದಿದ್ದರೆ ನಟ್ ಬಿಗಿದಾಗಲೆಲ್ಲ ಆಕ್ಸಲ್ ಬಾಗುತ್ತದೆ.

ಹಿಂದಿನ ಹಬ್ಬನ್ನಂತೂ ಅಂಗಡಿಗೆ ಮರಳಿಸಿ. ಅದು 130 ಅಥವಾ 135 ಮಿ.ಮೀ. ಇರುತ್ತದೆ, ನಿಮ್ಮ ಫ್ರೇಮಿನಲ್ಲಿ ಇರುವ ಜಾಗ 110ರಿಂದ 117ರಷ್ಟು. ಅದಲ್ಲದೆ ಇಂಗ್ಲಿಷ್ ಸೈಕಲ್ಲುಗಳ ಮುಂದಿನ ರಿಮ್ಮಿಗೆ 32, ಹಿಂದಿನದಕ್ಕೆ 40 ಸ್ಪೋಕ್ ಹಾಕುವುದು ರೂಢಿಯಾಗಿತ್ತು. ಹೊಸ ಹಬ್‌ಗಳಲ್ಲಿ ಸಾಮಾನ್ಯವಾಗಿ 32 ಅಥವಾ 36 ತೂತುಗಳಿರುವುದರಿಂದ ಮುಂದೆ ಲೆಕ್ಕ ಕೂಡಬಹುದು, ಹಿಂದೆ ಕೂಡದು. ರಿಮ್ಮನ್ನೇ ಬದಲಿಸೋಣವೆಂದರೆ ರಾಡ್ ಬ್ರೇಕಿನ ರಬ್ಬರ್ ರಿಮ್ಮಿನ ಒಳಮೈಗೆ ಒತ್ತುವಂಥದ್ದು. ಈಗಿನ ರಿಮ್ಮುಗಳು ಅದಕ್ಕೆ ಆಗಿಬರುವುದಿಲ್ಲ.

ಹಿಂದಿನ ಹಬ್ಬಿಗೆ ಹೊಸ ಕೋನ್, ಆಕ್ಸಲ್ ಮತ್ತು 1/4 ಅಂಗುಲದ ಗುಂಡುಗಳನ್ನು ಹಾಕಿಸಿದರೆ ಸಾಕು. ಕೊಳ್ಳಲು ಹೋಗುವಾಗ ಹಳೆಯ ಆಕ್ಸಲ್ ಕೈಯಲ್ಲಿರಲಿ. ಅದರ ಥ್ರೆಡ್ (ತಿರುಪಿನ ಸುತ್ತು) ಅಂಗುಲಕ್ಕೆ 26, ಮೆಟ್ರಿಕ್ ಥ್ರೆಡ್ಡಿನದು ಅಂಗುಲಕ್ಕೆ ಸುಮಾರು 25.4, ಕಣ್ಣಿಗೆ ಎರಡೂ ಒಂದೇ. ವ್ಯಾಸ ಹತ್ತಿರವಿದ್ದರೆ ತಪ್ಪು ನಟ್ ಒಂದೆರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಪಾನಾಕ್ಕೆ ಬಲ ಹಾಕಿದಿರೋ, ಥ್ರೆಡ್ ಹೋಯಿತು.