ಸಿವಿಲ್ ಸೀಟೋ, ಜಿಯಾಲಜಿಯೋ?

ಪ್ರಶ್ನೆ: ಚಿತ್ರದುರ್ಗದ ಹತ್ತಿರದ ಹಳ್ಳಿಯವಳು. ಪಿಸಿಎಂಬಿ ತಗೊಂಡು ಪಿಯುಸಿ ಮುಗಿಸಿದ್ದೇನೆ. ಸಿಇಟಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಸೀಟು ಸಿಗುವ ಹಾಗಿದೆ. ನಮ್ಮ ತೋಟದಲ್ಲಿ ಬೋರ್‌ವೆಲ್‌ಗಳು ಒಂದರ ಹಿಂದೊಂದು ಫೇಲಾಗಿದ್ದನ್ನು ನೋಡಿ ನನಗೆ ಜಿಯಾಲಜಿ ಓದುವ ಆಸೆ. ‘ಕಲ್ಲು ಓದಿದವರಿಗೆ ಕೆಲಸ ಎಲ್ಲಿದೆ? ಹೆಣ್ಣುಮಗಳು ಗುಡ್ಡ ಅಲೆಯೋದಾ?’ ಅಂತಾರೆ ಅಪ್ಪ. ಏನು ಮಾಡಲಿ?

ಉತ್ತರ: ಜಿಯಾಲಜಿಗೇ ಸೇರಿ. ಆದರೆ ಬರೀ ಬಿ.ಎಸ್ಸಿ. ಸಾಕು ಅಂದುಕೊಂಡು ಸೇರಬೇಡಿ. ಎಂ.ಎಸ್ಸಿ.ಯನ್ನೂ ಈಗಲೇ ಲೆಕ್ಕಕ್ಕೆ ಹಿಡಿಯಿರಿ, ಅಪ್ಪನಿಗೂ ಹಾಗೇ ಹೇಳಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ, ಕೇಂದ್ರೀಯ ಅಂತರ್ಜಲ ಮಂಡಳಿಯ ಹುದ್ದೆಗಳಿಗೆ ಯುಪಿಎಸ್‌ಸಿ ನಡೆಸುವ ಜಿಯೋ-ಸೈಂಟಿಸ್ಟ್ ಪರೀಕ್ಷೆಗೆ ಸ್ನಾತಕೋತ್ತರ ಪದವಿ ಬೇಕು. ಐಐಟಿಯಲ್ಲಿ ಎಂ.ಎಸ್ಸಿ. ಮಾಡುವ ಮನಸ್ಸಿದ್ದರೆ ಅದರ ಪ್ರವೇಶಕ್ಕೆ ನಡೆಸುವ ಜಾಮ್ ಪರೀಕ್ಷೆಯಲ್ಲಿ ಜಿಯಾಲಜಿಗೇ ಪ್ರತ್ಯೇಕ ಪತ್ರಿಕೆ ಇದೆ. ಕೆಲಸ ಇಲ್ಲ ಅನ್ನೋ ಮಾತು ಅರ್ಧಕ್ಕೇ ಓದು ನಿಲ್ಲಿಸಿದವರ ಮಟ್ಟಿಗೆ ಜಾಸ್ತಿ ನಿಜ.

ಜಿಯಾಲಜಿ ಜೊತೆ ಫಿಸಿಕ್ಸ್, ಗಣಿತ ಸಿಗುವ ಕಾಲೇಜಿದ್ದರೆ ಅದನ್ನೇ ಹಿಡಿಯಿರಿ. ಯಾಕೆ ಗೊತ್ತಾ? ಮಿಷಿನ್ ತಂದು ಬೋರ್ ಪಾಯಿಂಟ್ ನೋಡುವುದನ್ನು ನೀವು ಕಂಡಿರಬಹುದು. ನೆಲಕ್ಕೆ ನಾಲ್ಕು ಕಡ್ಡಿ ನೆಡುತ್ತಾರೆ. ಹೊರಗಿನ ಎರಡರಿಂದ ಕರೆಂಟ್ ಹಾಯಿಸಿ, ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆಯುತ್ತಾರೆ. ಗಟ್ಟಿ ಬಂಡೆ ಕರೆಂಟನ್ನು ತಡೆಯುತ್ತದೆ, ನೀರು ತುಂಬಿದ ಬಿರುಕು ಬಂಡೆ ಅಷ್ಟು ತಡೆಯುವುದಿಲ್ಲ. ಕಡ್ಡಿಗಳನ್ನು ದೂರ ಮಾಡುತ್ತಾ ಹೋದಂತೆ ಇನ್ನೂ ಆಳದ ಸುಳಿವು ಸಿಗುತ್ತದೆ. ಆದರೆ ಜೇಡಿಮಣ್ಣೂ ಕರೆಂಟನ್ನು ಸುಲಭವಾಗಿ ಬಿಡುತ್ತದೆ. ಹಾಗಾಗಿ ಮಿಷಿನ್ ತೋರಿಸುವ ಅಂಕಿಯಷ್ಟೇ ಸಾಲದು, ಆ ಜಾಗದ ಕಲ್ಲು-ಮಣ್ಣು ಗೊತ್ತಿರಬೇಕು. ಎರಡನ್ನೂ ಬಲ್ಲವರು ನಮ್ಮ ಬಯಲುಸೀಮೆಗೆ ಎಷ್ಟೊಂದು ಜನ ಬೇಕು!

ಸಿವಿಲ್ ಒಳ್ಳೆಯ ಓದೇ. ಆದರೆ ಅಲ್ಲಿ ಜಿಯಾಲಜಿ ಒಂದು ಸಣ್ಣ ಭಾಗ ಅಷ್ಟೇ. ನಿಮ್ಮ ಮನಸ್ಸಿರುವುದು ನೆಲದಡಿಯ ನೀರಿನ ಮೇಲೆ ಅಲ್ವಾ?

ಗುಡ್ಡ ಅಲೆಯುವುದು ಮಾತ್ರ ತಪ್ಪಿದ್ದಲ್ಲ. ಫೀಲ್ಡ್‌ಗೆ ಹೋಗದೆ ಈ ವಿದ್ಯೆ ಬರುವುದಿಲ್ಲ. 2019ರಿಂದ ಭೂಗತ ಗಣಿಗಳಲ್ಲೂ ತಾಂತ್ರಿಕ ಕೆಲಸಕ್ಕೆ ಮಹಿಳೆಯರಿಗೆ ಅವಕಾಶವಿದೆ. ಆದರೂ ಅಪ್ಪನ ಭಯವನ್ನು ಸುಮ್ನೆ ತಳ್ಳಿಹಾಕಬೇಡಿ. ಅವರನ್ನೇ ಕಾಲೇಜಿಗೆ ಕರೆದುಕೊಂಡು ಹೋಗಿ. ಫೀಲ್ಡ್‌ಗೆ ಎಲ್ಲೆಲ್ಲಿ ಕರೆದೊಯ್ಯುತ್ತೀರಿ, ಹೆಣ್ಣುಮಕ್ಕಳು ಉಳಿಯುವುದೆಲ್ಲಿ, ಜೊತೆಗೆ ಯಾರಿರುತ್ತಾರೆ ಅಂತ ಅವರೇ ಕೇಳಲಿ.

ಅದಕ್ಕೂ ಮೊದಲು ಒಂದು ಭಾನುವಾರ ಅಪ್ಪ-ಮಗಳು ನಿಮ್ಮ ಜಿಲ್ಲೆಯದ್ದೇ ಆದ ಮರಡಿಹಳ್ಳಿಗೆ ಹೋಗಿ ಬನ್ನಿ. ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನಡಿ ಉಕ್ಕಿದ ಲಾವಾ ಅಲ್ಲಿ ದಿಂಬು ಜೋಡಿಸಿಟ್ಟ ಹಾಗೆ ಗಟ್ಟಿಯಾಗಿದೆ. ಬಿಸಿಲಲ್ಲಿ ಒಂದೆರಡು ಗಂಟೆ ನಿಂತು ನೋಡಿದ ಮೇಲೂ ನಿಮ್ಮ ಆಸೆ ಹಾಗೇ ಇದ್ದರೆ ಬಿ.ಎಸ್ಸಿ.ಗೆ ಅರ್ಜಿ ಹಾಕಿಬಿಡಿ.